ಬೇಸಗೆಯ ತಂಪು ಮತ್ತು ಮನೆಯವರ ಹೊಣೆ

(ಶಾಲೆಯ ವಾರ್ಷಿಕ ಸ್ನೇಹಸಮ್ಮೇಳನದಲ್ಲಿ ಮಾಡಿದ ಭಾಷಣದ ಬರಹರೂಪ)



ಇಂತಹ ಸಮಾರಂಭಗಳಲ್ಲಿ ಮಾತನಾಡಲು ನಿಂತವರು ವಿದ್ಯೆಯ ಮಹಿಮೆಯನ್ನೋ ನಾಡುನುಡಿಯ ಹಿರಿಮೆಯನ್ನೋ ಕುರಿತು ನುಡಿಯುವುದು ವಾಡಿಕೆ. ನಾವು ಇಂದು ಆರಿಸಿಕೊಂಡ ವಿಷಯವು ಅಷ್ಟು ಎತ್ತರದ್ದಲ್ಲ. ಬೇಸಗೆಯಲ್ಲಿ ಮನೆಯನ್ನು ತಂಪಾಗಿಡುವ ಕೂಲರು, ಏಸಿ ಎಂಬ ಯಂತ್ರಗಳನ್ನು ಹೇಗೆ ನೋಡಿಕೊಳ್ಳಬೇಕೆಂಬುದೇ ನಮ್ಮ ವಿಷಯ. ಇದೇನು ಭಾಷಣಕ್ಕೆ ತಕ್ಕ ವಿಷಯವೇ ಎಂದು ಕೆಲವರಿಗೆ ಅನಿಸಬಹುದು. ಆದರೆ ಉಮರ್ಗಾ, ನಿಲಂಗಾ, ಉದಗೀರಗಳ ಸೀಮೆಯಲ್ಲಿ ಬಾಳುವ ನಮಗೆ ಚೈತ್ರ ವೈಶಾಖಗಳ ಬಿಸಿಲು ಎಂತಹುದೆಂಬುದನ್ನು ಯಾರೂ ಬೇರೆ ಹೇಳಿಕೊಡಬೇಕಾಗಿಲ್ಲ. ಆ ಎರಡು ತಿಂಗಳು ಮನೆಯ ಮುದುಕರೂ ಹಸುಗೂಸುಗಳೂ ಸುಖವಾಗಿರುವುದು, ಮಕ್ಕಳು ಪರೀಕ್ಷೆಗೆ ಓದುವುದು, ದುಡಿದು ಬಂದವರು ರಾತ್ರಿ ಕಣ್ಣು ಮುಚ್ಚುವುದು, ಇವೆಲ್ಲವೂ ಮನೆಯ ತಂಪನ್ನೇ ಅವಲಂಬಿಸಿವೆ.

ಪುಷ್ಯಮಾಸದ ಚಳಿಯಲ್ಲಿ ಶಾಲು ಹೊದ್ದು ಕುಳಿತ ನಿಮ್ಮ ಮುಂದೆ ಬೇಸಗೆಯ ಮಾತೇಕೆ ಎಂದು ಕೇಳುವಿರಾ? ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆ ನಿಮಗೆ ತಿಳಿದಿದೆ. ಏಪ್ರಿಲ್ ತಿಂಗಳಲ್ಲಿ ಯಂತ್ರ ಕೆಟ್ಟರೆ ರಿಪೇರಿಯವರ ಬಾಗಿಲಿಗೆ ಹತ್ತು ಸಲ ಅಲೆಯಬೇಕಾಗುತ್ತದೆ. ಶಿವರಾತ್ರಿಯ ಹೊತ್ತಿಗೇ ಅದನ್ನು ಸಜ್ಜುಗೊಳಿಸಿದವರಿಗೆ ಈ ತೊಂದರೆಯಿಲ್ಲ.

ನಮ್ಮ ಅಜ್ಜಂದಿರ ಕಾಲದಲ್ಲಿ ಇಂತಹ ಯಂತ್ರಗಳಿರಲಿಲ್ಲ. ಅವುಗಳ ಅವಶ್ಯಕತೆಯೂ ಅಷ್ಟಾಗಿ ಇರಲಿಲ್ಲ. ನಿಲಂಗಾ ಮತ್ತು ಉದಗೀರ ತಾಲೂಕುಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿಯೇ ಇದ್ದವು. ಆಗಲೂ ಈಗಲೂ ಗಡಿಯ ಆಚೆ ಈಚೆ ಹಳೆಯ ಮನೆಗಳ ಮಾದರಿ ಒಂದೇ. ಎರಡು ಮೂರು ಅಡಿ ದಪ್ಪದ ಕಲ್ಲು ಮಣ್ಣಿನ ಗೋಡೆ. ಸಾಗವಾನಿಯದೋ ಬೇವಿನದೋ ತೊಲೆಗಳು. ಅವುಗಳ ಮೇಲೆ ಹಲಗೆ ಹಾಸಿ ಒಂದೆರಡು ಅಡಿ ಮಣ್ಣು ಹೊದಿಸಿದ ಮಾಳಿಗೆ. ಕನ್ನಡದಲ್ಲಿ ಮೇಲ್ಮುದ್ದೆಯೆನ್ನುವ ಈ ಮಾಳಿಗೆಯನ್ನು ಮರಾಠಿಯಲ್ಲಿ ಮಾಳವದ ಎನ್ನುವರು. ಮುಂಜಾನೆ ಮಾಳಿಗೆಗೆ ಬಿದ್ದ ಬಿಸಿಲಿನ ಕಾವು ಅಷ್ಟು ದಪ್ಪದ ಮಣ್ಣನ್ನು ದಾಟಿ ಒಳಗೆ ಬರುವಷ್ಟರಲ್ಲಿ ಸೂರ್ಯನು ಮುಳುಗಿ ಹೊರಗಿನ ಗಾಳಿ ತಂಪಾಗಿರುತ್ತಿತ್ತು. ಮಧ್ಯಾಹ್ನ ಹೊರಗೆ ನೆಲ ಸುಡುತ್ತಿದ್ದರೂ ಪಡಸಾಲೆಯಲ್ಲಿ ಕಂಬಳಿ ಹಾಸಿ ಮಲಗಿದ ಅಜ್ಜನಿಗೆ ಬೀಸಣಿಗೆಯೇ ಸಾಕಾಗುತ್ತಿತ್ತು.

ಆ ಮನೆಗಳ ಇನ್ನೊಂದು ಮುಖವನ್ನು 1993ರ ಸಪ್ಟೆಂಬರ್ 30ರ ನಸುಕು ನಮಗೆ ತೋರಿಸಿತು. ಅನಂತ ಚತುರ್ದಶಿಯ ಗಣೇಶ ವಿಸರ್ಜನೆಯನ್ನು ಮುಗಿಸಿ ಮಲಗಿದ ಜನರ ಮೇಲೆ ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಕಿಲ್ಲಾರಿಯ ಭೂಕಂಪವು ಎರಗಿತು. ಅದರ ಪ್ರಮಾಣ 6.2. ಔಸಾ ಮತ್ತು ಉಮರ್ಗಾ ತಾಲೂಕುಗಳ ಹಳ್ಳಿಗಳು ನೆಲಸಮವಾದವು. ಸತ್ತವರು ಹತ್ತು ಸಾವಿರದ ಸಮೀಪ. ಮಳೆ ಸೋರದಂತೆ ವರ್ಷವರ್ಷವೂ ಮಣ್ಣು ಹಾಕುತ್ತ ಬಂದುದರಿಂದ ಮಾಳಿಗೆಗಳ ಭಾರ ಹೆಚ್ಚಿತ್ತು. ಬರಿಯ ಕೆಸರಿನಿಂದ ಕಟ್ಟಿದ ಗೋಡೆಗಳಿಗೆ ಆ ಭಾರವನ್ನು ಹೊತ್ತು ಅಲುಗಾಟವನ್ನು ತಾಳುವ ಶಕ್ತಿಯಿರಲಿಲ್ಲ. ತಂಪು ಕೊಟ್ಟ ಮಣ್ಣೇ ಮಲಗಿದವರನ್ನು ಮುಚ್ಚಿತು. ಇಲ್ಲಿ ಕುಳಿತ ಹಿರಿಯರಲ್ಲಿ ಆ ದಿನವನ್ನು ಕಣ್ಣಾರೆ ಕಂಡವರು ಇದ್ದಾರೆ; ಅವರೆದುರು ನಾವು ಹೆಚ್ಚು ಹೇಳುವುದು ತರವಲ್ಲ.

ಆ ಮೇಲೆ ಈ ಸೀಮೆಯ ಜನರು ಮಣ್ಣಿನ ಮಾಳಿಗೆಗೆ ಹೆದರಿ ಕಾಂಕ್ರೀಟಿನ ಇಲ್ಲವೆ ತಗಡಿನ ಸೂರನ್ನು ಆಶ್ರಯಿಸಿದರು. ಅದು ಯೋಗ್ಯವಾದ ನಿರ್ಣಯವೇ ಸರಿ. ಹಳೆಯ ಮನೆಯ ತಂಪನ್ನು ನೆನೆದು ಹಳಹಳಿಸುವವರು ಆ ರಾತ್ರಿಯನ್ನು ಮರೆಯಬಾರದು. ಆದರೆ ನಾಲ್ಕೈದು ಅಂಗುಲದ ಕಾಂಕ್ರೀಟು ಸಂಜೆಯಾಗುವ ಮೊದಲೇ ಕಾಯ್ದು, ಇಡೀ ರಾತ್ರಿ ಆ ಕಾವನ್ನು ಮನೆಯೊಳಗೆ ಸುರಿಯುತ್ತದೆ; ತಗಡಂತೂ ಹಂಚಿನಂತೆ ಸುಡುತ್ತದೆ. ಹೀಗೆ ಜೀವದ ಭದ್ರತೆಯನ್ನು ಪಡೆದ ನಾವು ತಂಪನ್ನು ಕಳೆದುಕೊಂಡೆವು. ಕಳೆದುದನ್ನು ಯಂತ್ರದಿಂದ ತುಂಬಿಕೊಳ್ಳುತ್ತಿದ್ದೇವೆ. ಹಿಂದಿನವರು ಮಳೆಗಾಲದ ಮೊದಲು ಮಾಳಿಗೆಯ ಮೇಲೆ ಹತ್ತಿ, ಹುಲ್ಲು ಕಿತ್ತು, ಮಣ್ಣು ಬಡಿದು ಮನೆಯ ಆರೈಕೆ ಮಾಡುತ್ತಿದ್ದರು. ಆ ಆರೈಕೆ ನಮಗೂ ತಪ್ಪಿದ್ದಲ್ಲ. ಮಾಳಿಗೆಯ ಬದಲು ಯಂತ್ರಕ್ಕೆ ಮಾಡಬೇಕು, ಅಷ್ಟೇ. ನಮ್ಮ ಭಾಷಣದ ತಾತ್ಪರ್ಯವೆಲ್ಲ ಇದೇ.

ಮೊದಲು ಕೂಲರಿನ ಮಾತು. ಒದ್ದೆ ಬಟ್ಟೆಯುಟ್ಟು ಗಾಳಿಗೆ ನಿಂತರೆ ಚಳಿಯಾಗುವುದನ್ನು ನೀವೆಲ್ಲರೂ ಬಲ್ಲಿರಿ. ನೀರು ಆವಿಯಾಗುವಾಗ ಸುತ್ತಲಿನ ಉಷ್ಣವನ್ನು ಹೀರಿಕೊಳ್ಳುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಬೇಕಾಗುವ ಉಷ್ಣವು ಸುಮಾರು ಏಳು ಕಿಲೋ ಮಂಜುಗಡ್ಡೆಯನ್ನು ಕರಗಿಸುವಷ್ಟು ಎಂದರೆ ವಿದ್ಯಾರ್ಥಿಗಳಿಗೆ ಸೋಜಿಗವಾದೀತು. ಹಿಂದೆ ಶ್ರೀಮಂತರು ಬಾಗಿಲಿಗೆ ಲಾವಂಚದ ತಟ್ಟಿಯನ್ನು ಕಟ್ಟಿಸಿ, ಅದಕ್ಕೆ ನೀರು ಚಿಮುಕಿಸಿ ತಂಪನ್ನು ಪಡೆಯುತ್ತಿದ್ದರು. ಇಂದಿನ ಕೂಲರು ಆ ತಟ್ಟಿಯ ಮೊಮ್ಮಗನೇ. ನೀರೆರೆಯುವ ಕೆಲಸವನ್ನು ಸಣ್ಣ ಪಂಪೂ ಬೀಸುವ ಕೆಲಸವನ್ನು ಪಂಖವೂ ಮಾಡುತ್ತವೆ. ಗಾಳಿ ಒಣಗಿದಷ್ಟೂ ನೀರು ಬೇಗ ಆವಿಯಾಗುವುದರಿಂದ ಮಂಗಳೂರು ಮುಂಬಯಿಗಳ ತೇವದ ಹವೆಯಲ್ಲಿ ನಿಷ್ಪ್ರಯೋಜಕವಾದ ಕೂಲರು ನಮ್ಮ ಒಣ ಬೇಸಗೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಅದಕ್ಕೆ ಬೇಕಾಗುವ ವಿದ್ಯುತ್ತು ಸಾಮಾನ್ಯವಾಗಿ 150ರಿಂದ 250 ವ್ಯಾಟು ಮಾತ್ರ.

ಕೂಲರು ಒಳತಳ್ಳಿದ ತೇವದ ಗಾಳಿಗೆ ಹೊರಹೋಗಲು ದಾರಿ ಬೇಕು. ಎದುರಿನ ಕಿಟಕಿಯನ್ನು ತೆರೆದಿಡದಿದ್ದರೆ ಒಂದು ಗಂಟೆಯೊಳಗೆ ಕೋಣೆ ತೇವದಿಂದ ತುಂಬಿ ಮೈ ಜಿಗುಟಾಗುತ್ತದೆ. ಯಂತ್ರ ಕೆಟ್ಟಿದೆಯೆಂದು ದೂರುವ ಅನೇಕರ ಮನೆಯಲ್ಲಿ ನಿಜವಾಗಿ ಮುಚ್ಚಿದ ಕಿಟಕಿಯೇ ದೋಷವಾಗಿರುತ್ತದೆ.

ಎರಡನೆಯ ಮಾತು ಉಪ್ಪಿನದು. ನಮ್ಮ ಕರಿಕಲ್ಲಿನ ನೆಲದ ಬೋರಿನ ನೀರು ಬಹುಮಟ್ಟಿಗೆ ಗಡಸು. ನೀರು ಆವಿಯಾಗಿ ಹೋಗುತ್ತದೆ. ಅದರಲ್ಲಿ ಕರಗಿದ ಲವಣ ಹಿಂದುಳಿಯುತ್ತದೆ. ದಿನದಿನವೂ ಮೇಲಿಂದ ನೀರು ಸುರಿಯುತ್ತ ಹೋದರೆ ತೊಟ್ಟಿಯ ನೀರು ಹೆಚ್ಚು ಹೆಚ್ಚು ಉಪ್ಪಾಗಿ, ಹುಲ್ಲಿನ ಪ್ಯಾಡಿನ ಮೇಲೆ ಬಿಳಿಯ ಪದರು ಕಟ್ಟಿ ಗಾಳಿಯ ದಾರಿಯನ್ನೇ ಮುಚ್ಚುತ್ತದೆ. ಆದುದರಿಂದ ವಾರಕ್ಕೊಮ್ಮೆ ತೊಟ್ಟಿಯನ್ನು ಪೂರ್ತಿ ಬರಿದು ಮಾಡತಕ್ಕದ್ದು. ಬೇಸಗೆಯ ಆರಂಭದಲ್ಲಿ ಪ್ಯಾಡುಗಳನ್ನು ನೋಡಿ, ಗಟ್ಟಿಯಾದ ಹುಲ್ಲನ್ನು ತೆಗೆದು ಹೊಸದನ್ನು ಹಾಕತಕ್ಕದ್ದು.

ವಾರಕ್ಕೊಮ್ಮೆ ಎಂಬ ಈ ಕಟ್ಟಳೆಗೆ ಇನ್ನೂ ಮಹತ್ವದ ಕಾರಣವೊಂದುಂಟು. ಡೆಂಗೀ ಜ್ವರವನ್ನು ಹರಡುವ ಈಡಿಸ್ ಸೊಳ್ಳೆಯು ಕೊಳಚೆಯಲ್ಲಿ ಬೆಳೆಯದೆ, ಮುಖ್ಯವಾಗಿ ಮನೆಯ ಒಳಗೂ ಸುತ್ತಲೂ ನಿಂತ ತಿಳಿನೀರಿನಲ್ಲಿ ಬೆಳೆಯುತ್ತದೆ. ಬೆಚ್ಚಗಿನ ದಿನಗಳಲ್ಲಿ ಅದರ ಮೊಟ್ಟೆಯು ಹಾರುವ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಅಲ್ಲದೆ ಆ ಮೊಟ್ಟೆಗಳು ನೀರಿನ ಅಂಚಿನಲ್ಲಿ ತೊಟ್ಟಿಯ ಗೋಡೆಗೆ ಅಂಟಿಕೊಂಡಿದ್ದು, ನೀರು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಬರಿದು ಮಾಡಿದರಷ್ಟೇ ಸಾಲದು, ಗೋಡೆಗಳನ್ನು ಬ್ರಶ್ಶಿನಿಂದ ತಿಕ್ಕಬೇಕು. ಮಳೆಗಾಲಕ್ಕೆ ಕೂಲರನ್ನು ಮೂಲೆಗಿಡುವಾಗಲೂ ಹೀಗೆಯೇ ತಿಕ್ಕಿ, ಒಣಗಿಸಿ, ಮುಚ್ಚಿಡಬೇಕು.

ಮೂರನೆಯದು ವಿದ್ಯುತ್ತಿನ ಭಯ. ಈ ಮಾತನ್ನು ನಮ್ಮದೇ ಮನೆಯ ತಪ್ಪಿನಿಂದ ಹೇಳಬೇಕಾಗಿದೆ. ನಮ್ಮ ಮನೆಯಲ್ಲಿ ತಗಡಿನ ಮೈಯ ಹಳೆಯ ಕೂಲರೊಂದಿತ್ತು. ಅದರ ಪ್ಲಗ್ಗಿಗೆ ಮೂರು ಕಡ್ಡಿ. ಗೋಡೆಯ ಸಾಕೆಟ್ಟಿಗೆ ಎರಡೇ ರಂಧ್ರ. ನಾವು ವಿಜ್ಞಾನವನ್ನು ಓದಿದವರಾಗಿಯೂ ಅವಸರದಲ್ಲಿ ಎರಡು ತಂತಿಗಳನ್ನಷ್ಟೇ ಜೋಡಿಸಿ, ಮೂರನೆಯ ತಂತಿಯನ್ನು ಕತ್ತರಿಸಿ ಸುತ್ತಿಟ್ಟೆವು. ಎರಡು ಬೇಸಗೆ ಏನೂ ಆಗಲಿಲ್ಲ. ಮೂರನೆಯ ಬೇಸಗೆಯ ಒಂದು ಮಧ್ಯಾಹ್ನ ಅವ್ವ ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು, ಕೂಲರು ನಡೆಯುತ್ತಿರುವಾಗಲೇ ಕೊಡದಿಂದ ನೀರು ಹಾಕಲು ಹೋದಳು. ಪಂಪಿನ ತಂತಿಯ ಹೊದಿಕೆ ಸವೆದು ತಗಡಿಗೆ ತಾಗಿತ್ತು. ಕೊಡ ಬಿದ್ದ ಸದ್ದಿಗೆ ನಾವು ಓಡಿಬಂದಾಗ ಅವಳ ಕೈ ತಗಡನ್ನು ಬಿಡದೆ ಹಿಡಿದುಕೊಂಡಿತ್ತು. ತಮ್ಮನು ಅವಳನ್ನು ಮುಟ್ಟದೆ ಮೊದಲು ಮೇನ್ ಸ್ವಿಚ್ಚನ್ನು ಕೆಡಹಿದುದರಿಂದ ಅವಳೂ ಉಳಿದಳು, ಅವನೂ ಉಳಿದನು. ಬೆರಳುಗಳ ಮೇಲಿನ ಕಲೆ ಕೊನೆಯವರೆಗೂ ಹೋಗಲಿಲ್ಲ. ಅವ್ವ ನಮ್ಮನ್ನು ಒಂದು ದಿನವೂ ಬಯ್ಯಲಿಲ್ಲ. ಆದರೆ ಅನ್ನ ಬಡಿಸುವಾಗ ಆ ಕೈ ಕಂಡಾಗಲೆಲ್ಲ ನಮ್ಮ ತಲೆ ತಗ್ಗುತ್ತಿತ್ತು.

ಆದುದರಿಂದ ಕೈಮುಗಿದು ಕೇಳುತ್ತೇವೆ. ಮೂರನೆಯ ಕಡ್ಡಿ ಅಲಂಕಾರಕ್ಕಿಟ್ಟದ್ದಲ್ಲ. ತಗಡಿಗೆ ಹರಿದ ವಿದ್ಯುತ್ತನ್ನು ಮನುಷ್ಯನ ಮೈಯಿಂದಲ್ಲದೆ ನೆಲಕ್ಕೆ ನೇರವಾಗಿ ಒಯ್ಯುವ ದಾರಿ ಅದು. ಅದನ್ನು ಅರ್ಥಿಂಗ್ ಎನ್ನುವರು. ಬಲ್ಲ ವಾಯರಮನ್ನನಿಂದ ಪ್ರತಿ ಬೇಸಗೆಯ ಮೊದಲು ಅದನ್ನು ಪರೀಕ್ಷೆ ಮಾಡಿಸಿರಿ. ವಿದ್ಯುತ್ತು ಸೋರಿದೊಡನೆ ಪ್ರವಾಹವನ್ನು ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚನ್ನು ಮನೆಗೆ ಹಾಕಿಸಿರಿ. ಪ್ಲಗ್ಗನ್ನು ಕಿತ್ತ ಹೊರತು ಕೂಲರಿಗೆ ನೀರು ಹಾಕಬೇಡಿರಿ. ಮಕ್ಕಳೇ, ಯಾರಿಗಾದರೂ ಶಾಕು ಹೊಡೆದರೆ ಅವರನ್ನು ಮುಟ್ಟಬೇಡಿರಿ. ಮೊದಲು ಮೇನ್ ಸ್ವಿಚ್ಚನ್ನು ಆರಿಸಿರಿ, ಅನಂತರ ಹಿರಿಯರನ್ನು ಕೂಗಿರಿ.

ಕೂಲರಿಗೆ ಬೇಕಾದ ನೀರಿನ ವಿಚಾರವೂ ಇದೆ. 2016ರಲ್ಲಿ ಮಾಂಜರಾ ಅಣೆಕಟ್ಟು ಬತ್ತಿ, ಲಾತೂರ ನಗರಕ್ಕೆ ಮೀರಜದಿಂದ ರೈಲಿನ ಮೂಲಕ ನೀರನ್ನು ತರಬೇಕಾಯಿತು. ಏಪ್ರಿಲ್ ತಿಂಗಳಲ್ಲಿ ಬಂದ ಮೊದಲ ಗಾಡಿಯಲ್ಲಿ ಸುಮಾರು 5 ಲಕ್ಷ ಲೀಟರ್ ನೀರಿತ್ತು. ಅಂತಹ ವರ್ಷ ಮತ್ತೆ ಬಾರದೆಂದು ಯಾರು ಹೇಳಬಲ್ಲರು? ಕೂಲರು ಗಂಟೆಗೆ ಹಲವು ಲೀಟರ್ ನೀರನ್ನು ಕುಡಿಯುತ್ತದೆ. ಆದುದರಿಂದ ಜನರಿಲ್ಲದ ಕೋಣೆಯಲ್ಲಿ ಅದನ್ನು ನಡೆಸಬಾರದು. ವಾರಕ್ಕೊಮ್ಮೆ ಬಿಡುವ ಉಪ್ಪುನೀರನ್ನು ಗಿಡಗಳಿಗೆ ಹಾಕದೆ, ಅಂಗಳ ತೊಳೆಯಲು, ಶೌಚಕ್ಕೆ ಬಳಸಬೇಕು.

ಇನ್ನು ಏಸಿಯ ವಿಚಾರ. ಇದು ಮನುಷ್ಯನ ಸುಖಕ್ಕಾಗಿ ಹುಟ್ಟಿದ ಯಂತ್ರವಲ್ಲ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಒಂದು ಮುದ್ರಣಾಲಯದಲ್ಲಿ ಗಾಳಿಯ ತೇವಕ್ಕೆ ಕಾಗದವು ಹಿಗ್ಗಿ ಕುಗ್ಗಿ ಬಣ್ಣದ ಅಚ್ಚು ಸರಿಯಾಗಿ ಕೂಡುತ್ತಿರಲಿಲ್ಲ. ಆ ತೊಡಕನ್ನು ಕಳೆಯಲು ವಿಲ್ಲಿಸ್ ಕ್ಯಾರಿಯರ್ ಎಂಬ ತರುಣ ಇಂಜಿನಿಯರನು ಗಾಳಿಯ ತೇವವನ್ನು ಹತೋಟಿಯಲ್ಲಿಡುವ ವ್ಯವಸ್ಥೆಯನ್ನು ರೂಪಿಸಿದನು. ಅದೇ ಬೆಳೆದು ಇಂದು ನಮ್ಮ ಕೋಣೆಗೆ ಬಂದಿದೆ. ಅಂಗಡಿಯಲ್ಲಿ ಒಂದು ಟನ್, ಒಂದೂವರೆ ಟನ್ ಎನ್ನುವುದು ಯಂತ್ರದ ತೂಕವನ್ನಲ್ಲ. ಸುಮಾರು 907 ಕಿಲೋ ಮಂಜುಗಡ್ಡೆ ಒಂದು ಹಗಲು ರಾತ್ರಿಯಲ್ಲಿ ಕರಗುವಾಗ ಎಷ್ಟು ಉಷ್ಣವನ್ನು ಹೀರುವುದೋ ಅಷ್ಟನ್ನು ಕೋಣೆಯಿಂದ ಹೊರಹಾಕುವ ಶಕ್ತಿಗೆ ಒಂದು ಟನ್ನೆಂದು ಹೆಸರು.

ಹೊರಹಾಕುವ ಎಂಬ ಮಾತನ್ನು ಗಮನಿಸಿರಿ. ಏಸಿಯು ತಂಪನ್ನು ಉತ್ಪತ್ತಿ ಮಾಡುವುದಿಲ್ಲ. ಒಳಗಿನ ಉಷ್ಣವನ್ನು ಹೊತ್ತು ಹೊರಗೆ ಚೆಲ್ಲುತ್ತದೆ. ಒಳಗಿನ ಕೊಳವೆಗಳಲ್ಲಿ ಗ್ಯಾಸು ಆವಿಯಾಗುತ್ತ ಉಷ್ಣವನ್ನು ಹೀರುತ್ತದೆ. ಹೊರಗಿನ ಪೆಟ್ಟಿಗೆಯಲ್ಲಿ ಅದೇ ಗ್ಯಾಸು ಒತ್ತಡಕ್ಕೆ ಸಿಕ್ಕು ದ್ರವವಾಗುತ್ತ ಆ ಉಷ್ಣವನ್ನು ಬಿಡುತ್ತದೆ. ಹೀಗಾಗಿ ಕೂಲರಿಗೆ ಕಿಟಕಿ ತೆರೆಯಬೇಕು, ಏಸಿಗೆ ಬಾಗಿಲು ಕಿಟಕಿಗಳನ್ನು ಮುಚ್ಚಬೇಕು. ಒಂದೇ ಕೋಣೆಯಲ್ಲಿ ಎರಡನ್ನೂ ಕೂಡಿಯೇ ನಡೆಸಿದರೆ ಕೂಲರು ತುಂಬಿದ ತೇವವನ್ನು ಏಸಿ ಹಿಂಡಿ ತೆಗೆಯಬೇಕಾಗುತ್ತದೆ; ಹಣವೂ ನೀರೂ ಎರಡೂ ವ್ಯರ್ಥ.

ಏಸಿಯ ಆರೈಕೆಯಲ್ಲಿ ಮನೆಯವರೇ ಮಾಡಬಹುದಾದದ್ದು ಜಾಲರಿಯ ಶುದ್ಧಿ. ಹೊಲಗಳಲ್ಲಿ ತೊಗರಿ, ಕಡಲೆ, ಜೋಳಗಳ ರಾಶಿ ಮುಗಿದ ಮೇಲೆ ಎರೆಭೂಮಿಯ ಧೂಳು ಇಡೀ ಬೇಸಗೆ ಹಾರುತ್ತಿರುತ್ತದೆ. ಯಂತ್ರವನ್ನು ಆರಿಸಿ, ಮುಂದಿನ ಮುಚ್ಚಳವನ್ನು ಎತ್ತಿ, ಜಾಲರಿಯನ್ನು ಹದಿನೈದು ದಿನಕ್ಕೊಮ್ಮೆ ತಣ್ಣೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ ಹಾಕಬೇಕು. ಜಾಲರಿ ಕಟ್ಟಿದರೆ ಗಾಳಿ ಸಾಗದೆ ಒಳಗಿನ ಕೊಳವೆಗಳ ಮೇಲೆ ಹಿಮ ಕಟ್ಟುತ್ತದೆ. ಯಂತ್ರ ದುಡಿಯುತ್ತಿದ್ದರೂ ಕೋಣೆ ತಂಪಾಗುವುದಿಲ್ಲ. ಹೊರಗಿನ ಪೆಟ್ಟಿಗೆಗೆ ಪಡುವಣ ಬಿಸಿಲು ತಾಗದಂತೆ ನೆರಳು ಮಾಡಬೇಕು. ಆದರೆ ಅದರ ಗಾಳಿಯ ದಾರಿಗೆ ಅಡ್ಡವಾಗಿ ಗೋಣಿಯನ್ನಾಗಲಿ ಕಟ್ಟಿಗೆಯನ್ನಾಗಲಿ ಒಟ್ಟಬಾರದು. ಒಳಗಿನಿಂದ ಹನಿಯುವ ನೀರಿನ ಕೊಳವೆ ಕಟ್ಟಿಕೊಂಡರೆ ಗೋಡೆ ನೆನೆಯುತ್ತದೆ. ಆ ನೀರು ಕುಡಿಯಲು ಯೋಗ್ಯವಲ್ಲ. ನೆಲ ಒರೆಸಲು, ಗಿಡಕ್ಕೆ ಹಾಕಲು ಯೋಗ್ಯ. ಏಸಿಯ ತಂತಿಯನ್ನು ಅದಕ್ಕೆಂದೇ ಎಳೆದ 16 ಆಂಪಿಯರಿನ ಸಾಕೆಟ್ಟಿಗೆ ಜೋಡಿಸಬೇಕೇ ಹೊರತು ಉದ್ದನೆಯ ಎಕ್ಸ್‌ಟೆನ್ಶನ್ ವಾಯರಿಗಲ್ಲ. ಬೆಂಕಿಯ ಅನಾಹುತಗಳು ಇಲ್ಲಿಂದಲೇ ಹುಟ್ಟುವುದುಂಟು. ಕೊಳವೆಗಳನ್ನು ಬಿಚ್ಚುವ, ಗ್ಯಾಸು ತುಂಬುವ ಕೆಲಸವನ್ನು ಮಾತ್ರ ತರಬೇತಾದವರಿಗೇ ಬಿಡಿರಿ. ಓಜೋನಿಗೆ ಹಾನಿ ಮಾಡುವ ಹಳೆಯ ಗ್ಯಾಸುಗಳನ್ನು 1987ರ ಮಾಂಟ್ರಿಯಲ್ ಒಪ್ಪಂದದ ಮೇರೆಗೆ ಜಗತ್ತು ಕೈಬಿಡುತ್ತ ಬಂದಿದೆ. ಅವುಗಳ ಸ್ಥಾನಕ್ಕೆ ಬಂದ ಆರ್-32, ಆರ್-290ರಂತಹ ಗ್ಯಾಸುಗಳು ಬೆಂಕಿ ಹತ್ತುವ ಗುಣವುಳ್ಳವು.

ಗ್ಯಾಸಿನ ವಿಷಯದಲ್ಲಿ ಒಂದು ಎಚ್ಚರಿಕೆ. ನಮ್ಮ ಬಂಧುಗಳೊಬ್ಬರು ಮೂರು ಬೇಸಗೆಗಳಲ್ಲಿ ಮೂರು ಸಲ ಗ್ಯಾಸು ತುಂಬಿಸಿದರು. ಯಂತ್ರ ಒಂದು ತಿಂಗಳು ತಂಪು ಕೊಟ್ಟು ಮತ್ತೆ ಬಿಸಿಗಾಳಿ ಬೀಸುತ್ತಿತ್ತು. ನಾಲ್ಕನೆಯ ವರ್ಷ ಬಂದ ಹುಡುಗನೊಬ್ಬನು ಕೊಳವೆಯ ಕೂಡಿಕೆಗೆ ಸಾಬೂನಿನ ನೊರೆ ಹಚ್ಚಿ ನೋಡಿದನು; ಗುಳ್ಳೆಗಳೆದ್ದವು. ಆ ಸೋರಿಕೆಯನ್ನು ಮುಚ್ಚಿದ ಮೇಲೆ ಮತ್ತೆ ಗ್ಯಾಸು ತುಂಬಿಸುವ ಪ್ರಸಂಗವೇ ಬರಲಿಲ್ಲ. ಗ್ಯಾಸು ಎಣ್ಣೆಯಂತೆ ಉರಿದು ತೀರುವ ವಸ್ತುವಲ್ಲ. ಕೊಳವೆಗಳಲ್ಲಿ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದ್ದರೆ ಎಲ್ಲಿಯೋ ಸೋರಿದೆಯೆಂದೇ ಅರ್ಥ. ಸೋರಿಕೆ ಎಲ್ಲಿ ಎಂದು ಮೊದಲು ಕೇಳಿರಿ. ಹಣವನ್ನು ಆಮೇಲೆ ಕೊಡಿರಿ.

ಖರ್ಚಿನ ಮಾತನ್ನೂ ಹೇಳಬೇಕು. ಒಂದೂವರೆ ಟನ್ನಿನ ಏಸಿಯು ಪೂರ್ಣಭಾರದಲ್ಲಿ ಸುಮಾರು 1,500 ವ್ಯಾಟನ್ನು ಎಳೆಯುತ್ತದೆ; ಆರೇಳು ಕೂಲರುಗಳ ಖರ್ಚು ಅದೊಂದಕ್ಕೆ. ಸ್ಟಾರ್ ಗುರುತಿನ ಏಸಿಗಳು ಮೊದಲಿಗೆ 24 ಡಿಗ್ರಿಯಲ್ಲಿಯೇ ಆರಂಭವಾಗಬೇಕೆಂಬ ನಿಯಮ 2020ರ ಜನವರಿ 1ರಿಂದ ಜಾರಿಯಲ್ಲಿದೆ. ಒಂದೊಂದು ಡಿಗ್ರಿ ಏರಿಸಿದಂತೆ ಸುಮಾರು ನೂರಕ್ಕೆ ಆರರಷ್ಟು ವಿದ್ಯುತ್ತು ಉಳಿಯುತ್ತದೆಂದು ಕೇಂದ್ರ ಸರಕಾರದ ಇಂಧನ ದಕ್ಷತಾ ಮಂಡಳಿಯು ಲೆಕ್ಕ ಹಾಕಿದೆ. 18 ಡಿಗ್ರಿಗೆ ಇಳಿಸಿ ರಗ್ಗು ಹೊದ್ದು ಮಲಗುವುದರಲ್ಲಿ ಯಾವ ದೊಡ್ಡಸ್ತಿಕೆಯೂ ಇಲ್ಲ.

ಈವರೆಗೆ ಯಂತ್ರವಿದ್ದವರ ಮಾತಾಯಿತು. ಇಲ್ಲಿರುವ ಎಲ್ಲರ ಮನೆಯಲ್ಲಿಯೂ ಅವು ಇಲ್ಲವೆಂಬುದನ್ನು ನಾವು ಬಲ್ಲೆವು. ಯಂತ್ರವಿರಲಿ ಇಲ್ಲದಿರಲಿ, ಬಿಸಿಲನ್ನು ಸೂರಿನ ಮೇಲೆಯೇ ತಡೆಯುವುದು ಎಲ್ಲಕ್ಕಿಂತ ಅಗ್ಗದ ಉಪಾಯ. ಹೋಳಿಯ ಹೊತ್ತಿಗೆ ಕಾಂಕ್ರೀಟಿನ ಮೇಲೆ ಬಿಳಿಯ ಸುಣ್ಣವನ್ನು ಎರಡು ಸಲ ಬಳಿದರೆ ಬಿಸಿಲಿನ ಬಹುಭಾಗ ಮರಳಿ ಹೋಗಿ ಕೋಣೆ ಎರಡು ಮೂರು ಡಿಗ್ರಿಯಾದರೂ ತಂಪಾಗುತ್ತದೆ. ಅಹಮದಾಬಾದಿನಲ್ಲಿ 2010ರ ಮೇ ತಿಂಗಳ ಉಷ್ಣದ ಅಲೆಯಲ್ಲಿ ವಾಡಿಕೆಗಿಂತ 1,300ಕ್ಕೂ ಹೆಚ್ಚು ಮರಣಗಳಾದವು. ಅದರಿಂದ ಎಚ್ಚತ್ತ ಆ ನಗರವು 2013ರಲ್ಲಿ ಉಷ್ಣದಿಂದ ಜನರನ್ನು ಕಾಯುವ ಯೋಜನೆಯನ್ನು ಮಾಡಿ, ಮುಂದೆ ಬಡವರ ಮನೆಗಳ ಸೂರುಗಳಿಗೆ ಬಿಳಿಯ ಬಣ್ಣ ಬಳಿಸುವ ಕೆಲಸವನ್ನೂ ಕೈಕೊಂಡಿತು. ನೆರೆಯ ತೆಲಂಗಾಣ ಸರಕಾರವು 2023ರಲ್ಲಿ ತಂಪು ಸೂರಿನ ಧೋರಣೆಯನ್ನೇ ಪ್ರಕಟಿಸಿತು. ಇದರ ಜೊತೆಗೆ ಪಡುವಣ ಕಿಟಕಿಗೆ ಹೊರಗಿನಿಂದ ತಟ್ಟಿ ಕಟ್ಟಿರಿ. ಹಗಲು ಮುಚ್ಚಿದ ಕಿಟಕಿಗಳನ್ನು ರಾತ್ರಿ ತೆರೆದಿಡಿರಿ.

ವಿದ್ಯಾರ್ಥಿಗಳೇ, ನಿಮಗೆ ಎರಡು ಕೆಲಸಗಳನ್ನು ಒಪ್ಪಿಸಿ ನಾವು ಮಾತು ಮುಗಿಸುತ್ತೇವೆ. ಮೊದಲನೆಯದು, ವಾರದಲ್ಲಿ ಒಂದು ದಿನವನ್ನು ಗೊತ್ತುಪಡಿಸಿ, ಹಿರಿಯರೊಬ್ಬರು ಪ್ಲಗ್ಗು ಕಿತ್ತ ಬಳಿಕ ಕೂಲರಿನ ತೊಟ್ಟಿಯನ್ನು ತಿಕ್ಕುವ, ಏಸಿಯ ಜಾಲರಿಯನ್ನು ತೊಳೆಯುವ ಕೆಲಸ ನಿಮ್ಮದಾಗಲಿ. ಯಂತ್ರದ ಸಂಗಡ ಬಂದ ಪುಸ್ತಿಕೆಯನ್ನು ಓದಿ, ಅಜ್ಜಿಗೆ ತಿಳಿಯುವಂತೆ ನಮ್ಮ ಕನ್ನಡದಲ್ಲಿ ಹೇಳಿರಿ. ನೀವು ಕಲಿತ ವಿದ್ಯೆಗೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಬೇರೊಂದಿಲ್ಲ. ಎರಡನೆಯದು, ನಿಮ್ಮ ಓಣಿಯಲ್ಲಿ ತಗಡಿನ ಮನೆಯೊಳಗೆ ಒಬ್ಬರೇ ಇರುವ ಅಜ್ಜನೋ ಅಜ್ಜಿಯೋ ಇದ್ದರೆ, ಬಿರುಬಿಸಿಲಿನ ಮಧ್ಯಾಹ್ನ ನಿಮ್ಮ ಪಡಸಾಲೆಗೆ ಕರೆತಂದು ಕುಳ್ಳಿರಿಸಿ ಮಜ್ಜಿಗೆ ಕೊಡಿರಿ. ಯಾರಾದರೂ ಮೈ ಸುಡುತ್ತ, ಮಾತು ತೊದಲುತ್ತ, ಎಚ್ಚರ ತಪ್ಪುತ್ತಿದ್ದರೆ ಅದು ಬಿಸಿಲಿನ ಹೊಡೆತ. ಹಿರಿಯರನ್ನು ಕರೆದು ಅವರನ್ನು ನೆರಳಿಗೆ ಒಯ್ಯಿರಿ, ಒದ್ದೆ ಬಟ್ಟೆಯಿಂದ ಮೈಯೊರೆಸಿ ಗಾಳಿ ಹಾಕಿರಿ, 108ಕ್ಕೆ ಫೋನು ಮಾಡಿಸಿರಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿರಿ.

ನಮ್ಮ ಹಿರಿಯರು ಮಣ್ಣನ್ನು ನಂಬಿ ತಂಪಾಗಿದ್ದರು. ನಾವು ಯಂತ್ರವನ್ನು ನಂಬಿದ್ದೇವೆ. ವರ್ಷವರ್ಷವೂ ತಮ್ಮ ಮಾಳಿಗೆಯನ್ನು ಹತ್ತಿ ನೋಡಿದ ಅವರ ಶ್ರದ್ಧೆಯಲ್ಲಿ ಅರ್ಧದಷ್ಟಾದರೂ ನಮ್ಮಲ್ಲಿದ್ದರೆ, ಮಿರಗದ ಮಳೆ ಬರುವವರೆಗೆ ನಮ್ಮ ಮನೆಗಳಲ್ಲಿ ಎಲ್ಲರೂ ಸುಖವಾಗಿರುವರು.